ಚಾತುರ್ಮಾಸದೊಳಗಿನ ಕೆಂಪು ಗೆರೆ

ಮೊನ್ನೆ ನಮ್ಮ ಮನೆಗೆ ಹೊಸ ಟಿವಿ ಬಂತು. ಹೊರಗೆ ಜಿಟಿಜಿಟಿ ಮಳೆ. ಟಿವಿ ಕೂಡಿಸಲು ಬಂದವನು ಪಡಸಾಲೆಯಲ್ಲಿ ಡಬ್ಬಿ ಬಿಚ್ಚಿದ ಕೂಡಲೇ ಥರ್ಮಾಕೋಲಿನ ವಾಸನೆಯೂ ಹಸಿ ಗೋಡೆಯ ವಾಸನೆಯೂ ಕೂಡಿ ಮೂಗಿಗೆ ಬಡಿದವು. ಗೋಡೆಗೆ ತೂಗುಹಾಕಿ, ವೈಫೈ ಜೋಡಿಸಿ, ಅವನು ತಿರುಗಿ ಕೇಳಿದ: "ಪಾಸ್‌ವರ್ಡ್ ಯಾರಿಗೆ ಗೊತ್ತೈತ್ರಿ?" ಮಗ, ಸೊಸೆ, ಯಜಮಾನರು ಮೂವರೂ ಒಮ್ಮೆಲೇ ನನ್ನ ಕಡೆ ನೋಡಿದರು.

ಎಲ್ಲರಿಗೂ ಅತ್ತ ಮುಖ ಮಾಡಲು ಹೇಳಿ ರಿಮೋಟು ನಾನೇ ತಗೊಂಡೆ. ಬಂದವನಿಗೆ ನಗು ತಡೆಯಲಾಗಲಿಲ್ಲ. "ಮನಿಯಾಗ ಇಷ್ಟ ಮಂದಿ ಕಲತಾವರು ಇದ್ದು, ಕೀಲಿ ಅಜ್ಜಿ ಕೈಯಾಗ ಐತಲ್ರಿ?" ಎಂದ. ನಗಲಿ ಬಿಡಿ. ಆ ಕೀಲಿ ನನ್ನ ಕೈಗೆ ಬರಬೇಕಾದರೆ ನಾನು ಒಂದು ಮಳೆಗಾಲವಿಡೀ ಸ್ವಂತ ಮನೆಯಲ್ಲಿ ಕಳ್ಳಿಯಂತೆ ಬದುಕಿದ್ದೇನೆ. ಅದು ಅವನಿಗೇನು ಗೊತ್ತು?

ನಮ್ಮದು ಸದಲಗಾ. ಹೊಲದಲ್ಲಿ ಕಬ್ಬು, ಹಿತ್ತಲಲ್ಲಿ ಎಮ್ಮೆ, ಊರ ಮಗ್ಗುಲಿಗೆ ದೂಧಗಂಗಾ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಮುನಿ ಮಹಾರಾಜರ ಚಾತುರ್ಮಾಸ ನಮ್ಮ ಬಸದಿಯಲ್ಲೇ ಆಯಿತು. ಮಳೆಗಾಲದ ನಾಲ್ಕು ತಿಂಗಳು ಅವರು ಊರಿಂದ ಊರಿಗೆ ನಡೆಯುವುದಿಲ್ಲ, ಒಂದೇ ಕಡೆ ನಿಲ್ಲುತ್ತಾರೆ. ಅಷ್ಟು ದಿನವೂ ಊರಿನ ಜೈನ ಮನೆಗಳಿಗೆ ಹಬ್ಬ, ಹೆಂಗಸರಿಗೆ ಬೆಳಗಿನಿಂದ ಬಸದಿ. ಬಂದವರೆಲ್ಲ ಮಹಾರಾಜರ ಮುಂದೆ ಕೈಮುಗಿದು, ನಾಲ್ಕು ತಿಂಗಳಿಗೆ ಏನಾದರೊಂದನ್ನು ಬಿಡುವ ನಿಯಮ ತಗೊಳ್ಳುತ್ತಾರೆ. ಒಬ್ಬಳು ಬೆಲ್ಲ ಬಿಟ್ಟಳು. ಒಬ್ಬಳು ಹಸಿ ತರಕಾರಿ ಬಿಟ್ಟಳು. ಎದುರು ಮನೆಯ ಕಮಲಾಬಾಯಿ ಎಲೆ-ಅಡಿಕೆ ಬಿಟ್ಟು, ಮೂರನೆಯ ದಿನಕ್ಕೇ ಹಲ್ಲು ನೋವೆಂದು ಲವಂಗ ಅಗಿಯತೊಡಗಿದಳು.

ನನ್ನ ಸರದಿ ಬಂದಾಗ ಮಹಾರಾಜರು, "ಏನು ಬಿಡತೀಯವ್ವಾ?" ಎಂದರು. ಹಿಂದಿನ ಸಾಲಿನಿಂದ ಯಾರೋ "ಸಿಟ್ಟ ಬಿಡಂತ ಹೇಳ್ರಿ ಮಹಾರಾಜ" ಎಂದರು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ, "ಟಿವಿ ಬಿಟ್ನಿರಿ. ದೀಪಾವಳಿ ತನಕ ಅದರ ಮಾರಿ ನೋಡಂಗಿಲ್ಲ" ಎಂದುಬಿಟ್ಟೆ. ನಗು ಅಲ್ಲಿಗೇ ನಿಂತಿತು. ನನ್ನ ಟಿವಿ ಹುಚ್ಚು ಊರಿಗೆಲ್ಲ ಗೊತ್ತು.

ಟಿವಿ ಬಿಡುವುದು ಅಂದರೆ ನಮ್ಮಂಥ ಮನೆಯಲ್ಲಿ ಸಣ್ಣ ಮಾತಲ್ಲ. ನಾವು ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಉಂಡು, ಪಾತ್ರೆ ತೊಳೆದು ಕೂತ ಮೇಲೆ ಮಲಗುವ ತನಕ ಮಾಡುವುದಾದರೂ ಏನು? ಇಡೀ ಮನೆ ಪಡಸಾಲೆಗೆ ಬಂದು ಟಿವಿಯ ಮುಂದೆ ಕೂಡುತ್ತದೆ. ಆ ವರ್ಷವೇ ಮಗ ಅಭಯ ಇಂಟರ್‌ನೆಟ್ಟಿನ ಟಿವಿ ತಂದಿದ್ದ. ಹಾಕಿದ ಕೂಡಲೇ ಅದು 'ಯಾರು ನೋಡುತ್ತಿದ್ದೀರಿ?' ಎಂದು ಕೇಳುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಚೌಕ, ಅದರೊಳಗೊಂದು ಚಿತ್ರ. ನನ್ನದು ಸೂರ್ಯಕಾಂತಿ ಹೂವು, ಕೆಳಗೆ 'ಅವ್ವ' ಎಂದು ಹೆಸರು. ಅದನ್ನು ಒತ್ತಿದರೆ ನನ್ನ ಮರಾಠಿ ಧಾರಾವಾಹಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಶುರು. ಎಷ್ಟು ನೋಡಿದೆ ಎಂದು ತೋರಿಸಲು ಚಿತ್ರದ ಕೆಳಗೆ ಒಂದು ಕೆಂಪು ಗೆರೆ. ಮನೆಯಲ್ಲಿ ಆ ಧಾರಾವಾಹಿ ನೋಡುತ್ತಿದ್ದವಳು ನಾನೊಬ್ಬಳೇ. ನಿಯಮ ತಗೊಳ್ಳುವ ಹಿಂದಿನ ದಿನ ಅದರಲ್ಲಿ ದೊಡ್ಡ ಸೊಸೆ ಸಣ್ಣ ಸೊಸೆಯನ್ನು ಬಾವಿಗೆ ನೂಕಿದ್ದಳು. ಸಣ್ಣವಳು ಬದುಕಿದಳೋ ಸತ್ತಳೋ ತಿಳಿಯದೆ ನಾನು ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

ಇರತೊಡಗಿದೆ. ಸಂಜೆಯಾದರೆ ಒಳಕೋಣೆಯಲ್ಲಿ ಜಪಮಾಲೆ ಹಿಡಿದು ಕೂಡುತ್ತಿದ್ದೆ. ಪಡಸಾಲೆಯಿಂದ ಸದ್ದು ಬರುತ್ತಿತ್ತು. ಕಮಲಾಬಾಯಿ ಕಡ್ಡಿ ಆಡಿಸಿದಳು: "ಕಣ್ಣಿಗೇನೋ ನಿಯಮ ಆತು, ಕಿವಿಗೆ?" ಅಂದಿನಿಂದ ಕಿವಿಗೆ ಹತ್ತಿ ಇಟ್ಟುಕೊಂಡೆ.

ಆಷಾಢದ ಮಳೆ ಜೋರಾದಾಗ ಒಂದು ದಿನ ನಮ್ಮ ಯಜಮಾನರು ಊಟಕ್ಕೆ ಕೂತು, ತಾಟಿನ ಕಡೆಯೇ ನೋಡುತ್ತ ಹೇಳಿದರು: "ಮಂಗಸೂಳ್ಯಾಗ ಪದ್ಮಾ ಅಂಗಳದಾಗ ಪಾಚಿಗೆ ಕಾಲ ಜಾರಿ ಬಿದ್ದಾಳ. ತೊಡಿ ಎಲುವು ಮುರದೈತಿ. ಪಟ್ಟಿ ಹಾಕಿ ಮಲಗಿಸ್ಯಾರ." ಪದ್ಮಾ ಅವರ ತಂಗಿ, ನನ್ನ ನಾದಿನಿ; ಮಂಗಸೂಳಿ ಅವಳ ಗಂಡನ ಊರು. ನಾನು ಏನೂ ಅನ್ನದೆ ಅವರ ಬಟ್ಟಲಿಗೆ ಇನ್ನೊಂದು ಸೌಟು ಬೇಳೆ ಹಾಕಿದೆ.

ಏನೂ ಅನ್ನದಿದ್ದುದಕ್ಕೆ ಕಾರಣವಿತ್ತು. ನಾನೂ ಅವಳೂ ಮಾತು ಬಿಟ್ಟು ಐದಾರು ವರ್ಷವಾಗಿತ್ತು. ಅಭಯನ ಮದುವೆಯಲ್ಲಿ ಮೊದಲ ಅರಿಶಿಣ ಹಚ್ಚುವುದು ಅವನ ಆತ್ಯಾನ, ಅಂದರೆ ಅಪ್ಪನ ತಂಗಿಯ ಮಾನ. ಅದನ್ನು ನಾನು ಇಲ್ಲ ಎಂದವಳಲ್ಲ. ಆದರೆ ಮುಹೂರ್ತ ಮೀರುತ್ತ ಬಂತು, ಅವಳ ಗಾಡಿ ಬರಲಿಲ್ಲ, ಫೋನು ಹತ್ತಲಿಲ್ಲ. ನಾನು ಮುಹೂರ್ತ ನೋಡಬೇಕೋ ಇವಳ ದಾರಿ ನೋಡಬೇಕೋ? ಕಮಲಾಬಾಯಿಯ ಕೈಯಿಂದ ಹಚ್ಚಿಸಿದೆ. ಅಷ್ಟರಲ್ಲಿ ಬಂದ ಪದ್ಮಾ, ಹುಡುಗನ ಕೆನ್ನೆಯ ಮೇಲಿನ ಅರಿಶಿಣ ನೋಡಿ, ಆರತಿ ತಾಟನ್ನು ಹೊಸಿಲ ಮೇಲಿಟ್ಟು, ಒಂದು ಗುಟುಕು ನೀರೂ ಕುಡಿಯದೆ ಹೊರಟು ಹೋದಳು. ನೂರು ಜನರೆದುರು. ಇವತ್ತಿಗೂ ಕೇಳಿದರೆ ನಾನು ಮಾಡಿದ್ದು ಸರಿಯೆಂದೇ ಹೇಳುತ್ತೇನೆ. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರನ್ನು ನನ್ನೆದುರು ಯಾರೂ ಎತ್ತುತ್ತಿರಲಿಲ್ಲ.

ಮತ್ತೆ ಟಿವಿಗೆ ಬರುತ್ತೇನೆ. ಶ್ರಾವಣ ಹಿಡಿದಿತ್ತು. ಒಂದು ಸಂಜೆ ಸೊಸೆ ಸ್ನೇಹಲ ಪಡಸಾಲೆಯಿಂದಲೇ ಕೂಗಿದಳು. "ಅತ್ತಿ, ನಿಮ್ಮ ಕಥೀ ಭಾಳ ಮುಂದ ಹೋಗೇತಲ್ರಿ!"

ಕಿವಿಯ ಹತ್ತಿ ತೆಗೆದೆ. "ಯಾವ ಕಥೀ?"

"ನಿಮ್ಮ ಬಾವಿ ಕಥೀರಿ. ಕೆಂಪ ಗೆರಿ ದಾಟಿ ದಾಟಿ ಎಲ್ಲೋ ಹೋಗೇತಿ. ದಿನಾ ನೋಡಿದಾಂಗ ಐತಿ."

ಅಭಯ ಅಲ್ಲೇ ಕೂತಿದ್ದ. ನಕ್ಕ. ನಮ್ಮ ಯಜಮಾನರು ಕೆಮ್ಮಿದರು. ಯಾರೂ ಹೆಚ್ಚೇನೂ ಅನ್ನಲಿಲ್ಲ. ಅನ್ನುವುದು ಬೇಕಿರಲೂ ಇಲ್ಲ. ಮಧ್ಯಾಹ್ನ ಸ್ನೇಹಲ ಶಾಲೆಯಲ್ಲಿ ಪಾಠ ಹೇಳುತ್ತಿರುತ್ತಾಳೆ, ಇವರು ಹೊಲದಲ್ಲಿ, ಮಗ ಹಾಲಿನ ಡೇರಿಯಲ್ಲಿ. ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ.

"ನಾ ನೋಡಿಲ್ಲ" ಎಂದೆ.

"ಹೋಗಲಿ ಬಿಡ್ರಿ ಅತ್ತಿ" ಎಂದಳು ಸ್ನೇಹಲ. ಆ 'ಹೋಗಲಿ ಬಿಡ್ರಿ' ಇದೆಯಲ್ಲ, ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗಂಡನ ಮುಖ ನೋಡಿದೆ. ಅವರು ಮೆತ್ತಗೆ ಹೇಳಿದರು: "ತಪ್ಪಿದ್ರ ಮಹಾರಾಜರ ಮುಂದ ಹೇಳಿ ಪ್ರಾಯಶ್ಚಿತ್ತ ತಗೋ. ಅದಕ್ಕೇನ ನಾಚಿಕಿ?"

ಹುಚ್ಚು ಹಿಡಿಯುವುದೊಂದು ಬಾಕಿ. ನೋಡದ ಟಿವಿಗೆ ಪ್ರಾಯಶ್ಚಿತ್ತವೇ? ಸುಳ್ಳು ಹೇಳಿದ್ದಕ್ಕಾದರೆ ಒಂದು ಸಲ ಕೈಮುಗಿದರಾಯಿತು. ಸತ್ಯ ಹೇಳಿದ್ದಕ್ಕೆ ಯಾರಿಗೆ ಕೈ ಮುಗಿಯಲಿ? ಮಹಾರಾಜರೆದುರು ನುಡಿದ ಮಾತು ಸುಳ್ಳೆಂದು ಊರು ನಂಬಿದರೆ ನಾನು ಆ ಬಸದಿಯ ಮೆಟ್ಟಿಲು ಯಾವ ಮುಖ ಹೊತ್ತು ಹತ್ತಲಿ?

ಆ ದಿನದಿಂದ ನನಗೆ ಮನೆಯಲ್ಲಿ ಎಲ್ಲರ ಮೇಲೂ ಸಂಶಯ. ಮೊದಲು ಸ್ನೇಹಲ. ಗೆರೆ ಮುಂದೆ ಹೋಗಿದೆ ಎನ್ನುವವಳು ಅವಳು. ನಿಜವಾಗಿ ಹೋಗಿದೆಯೋ ಇಲ್ಲವೋ, ನಾನು ಹೋಗಿ ನೋಡುವಂತಿಲ್ಲವಲ್ಲ! ನೋಡಿದರೆ ನಿಯಮ ಮುರಿಯಿತು. ಆರೋಪ ನನ್ನ ಮೇಲೆ, ಸಾಕ್ಷಿ ಇರುವುದು ಟಿವಿಯೊಳಗೆ, ಟಿವಿಗೆ ನಾನು ಮುಖ ತೋರಿಸುವಂತಿಲ್ಲ. ಮೂವರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆಯೇ? ಆಮೇಲೆ ಹಾಲಿಗೆ ಬರುವ ಹೆಂಗಸರ ಮೇಲೆ ಸಂಶಯ ಬಂತು. ಆಮೇಲೆ ಟಿವಿಯ ಮೇಲೇ ಬಂತು. ಬಂದ್ ಮಾಡಿದ ಮೇಲೂ ಅದರ ಮೂಲೆಯಲ್ಲಿ ಸಣ್ಣದೊಂದು ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ರಿಮೋಟಿನಲ್ಲಿ ಮಾತು ಕೇಳಿಸಿಕೊಳ್ಳುವ ಗುಂಡಿ ಬೇರೆ. ಯಾರಿಗೆ ಗೊತ್ತು, ನಾನು ಜಪದ ನಡುವೆ 'ಸಣ್ಣ ಸೊಸಿ ಬದುಕ್ಯಾಳೋ ಇಲ್ಲೋ' ಎಂದು ಗೊಣಗಿದ್ದನ್ನು ಕೇಳಿಸಿಕೊಂಡು ತಾನೇ ಹಚ್ಚಿಕೊಂಡಿತೋ ಏನೋ!

ಹಳೆಯ ಇಳಕಲ್ ಸೀರೆ ತಂದು ಟಿವಿಗೆ ಹೊದಿಸಿದೆ. ನೆರಿಗೆಗೆ ಎರಡು ಕಡೆ ದಾರದ ಹೊಲಿಗೆ ಹಾಕಿದೆ. ಸಂಜೆ ಸ್ನೇಹಲ ಬಂದ ಮೇಲೆ ಅವಳಿಗೇ ತೋರಿಸಿ, ಅವಳ ಕೈಯಿಂದಲೇ ಬಿಚ್ಚಿಸಿದೆ. ಹೊಲಿಗೆ ಹಾಗೆಯೇ ಇತ್ತು. ಟಿವಿ ಹಚ್ಚಿ ನೋಡಿ ಅವಳು ಅಂದಳು: "ಇವತ್ತೂ ಮುಂದ ಹೋಗೇತ್ರಿ."

"ಹೊಲಿಗಿ ಬಿಚ್ಚಿಲ್ಲಲ್ಲ?"

"ಹೊಲಿಗಿ ಹಾಕಿದಾವರಿಗೆ ಬಿಚ್ಚಿ ಮತ್ತ ಹಾಕೋದು ಕಷ್ಟೇನ್ರಿ?" ನಗುತ್ತಲೇ ಅಂದಳು, ಆದರೆ ಅಂದಳು.

ಮರುದಿನ ರಿಮೋಟಿನ ಹೊಟ್ಟೆ ತೆಗೆದು ಸೆಲ್ಲುಗಳನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಬಸದಿಗೂ ಅವನ್ನು ಕಟ್ಟಿಕೊಂಡೇ ಹೋದೆ. ಸಂಜೆ ಎಲ್ಲರೆದುರು ಗಂಟು ಬಿಚ್ಚಿ ಸೆಲ್ಲು ಕೊಟ್ಟೆ; ಟಿವಿ ಹಚ್ಚಿದರೆ ಮತ್ತೆ ಗೆರೆ ಮುಂದೆ. ನಾನು ಬರಿದಾದ ಸೆರಗು ತೋರಿಸಿ, "ಈಗ ಹೇಳ್ರಿ!" ಎಂದೆ. ನಮ್ಮ ಯಜಮಾನರು ಬಹಳ ಹೊತ್ತು ಯೋಚಿಸಿ, "ಅಲ್ಲ, ಸೆಲ್ ಇದ್ದದ್ದು ಯಾರ ಸೆರಗಿನಾಗ?" ಎಂದರು. ನಾನು ಮಾಡಿದ ಬಂದೋಬಸ್ತೆಲ್ಲ ನನ್ನ ಕೊರಳಿಗೇ ಬರುತ್ತಿತ್ತು. ಅವತ್ತು ಅಳು ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾತು ಮನೆಯಲ್ಲಿ ನಿಲ್ಲಲಿಲ್ಲ. ಸ್ನೇಹಲ ಕಮಲಾಬಾಯಿಯ ಎದುರು ತಮಾಷೆಗೆ ಹೇಳಿದಳಂತೆ. ಕಮಲಾಬಾಯಿಗೆ ಹೇಳಿದ ಮೇಲೆ ಊರಿಗೆ ಬೇರೆ ಡಂಗುರ ಬೇಕೆ? ಬಸದಿಯಲ್ಲಿ ನಾನು ಕೂಡುವ ಜಾಗದ ಅಕ್ಕಪಕ್ಕ ಪಿಸುಪಿಸು. ಒಬ್ಬಳು "ಏನ್ ಸುನಂದಕ್ಕಾ, ಬಾವ್ಯಾಗ ಬಿದ್ದಾಕಿ ಎದ್ದಳೇನ?" ಎಂದು ನೇರವಾಗಿಯೇ ಕೇಳಿದಳು. ಅಂದು ಮಹಾರಾಜರ ಪ್ರವಚನವೂ ವ್ರತ ಕೆಡಿಸಿಕೊಂಡವರ ಮೇಲೆಯೇ ಬರಬೇಕೆ? ಅವರು ಯಾರನ್ನೂ ನೋಡದೆ ಹೇಳುತ್ತಿದ್ದರು. ನನಗೆ ಮಾತ್ರ ಪ್ರತಿ ಮಾತೂ ನನ್ನ ತಲೆ ಹುಡುಕಿಕೊಂಡು ಬಂದು ಬೀಳುತ್ತಿದೆ ಅನ್ನಿಸಿತು.

ಈ ನಡುವೆ ಅಭಯನ ನಡೆಯೂ ಸರಿಕಾಣಲಿಲ್ಲ. ವಾರಕ್ಕೊಮ್ಮೆ "ಹಾಲ ಹಿಂಡು ಮಶೀನಿನ ಸಾಮಾನ ತರಾಕ" ಎಂದು ಗಾಡಿ ತೆಗೆದವನು ಹೊತ್ತು ಮುಳುಗುವಾಗ ಬರುತ್ತಿದ್ದ. ಮಶೀನು ಸುಸ್ಥಿತಿಯಲ್ಲೇ ಇತ್ತು. ಒಂದು ಸಲ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಹಳದಿ ಪುಡಿ ಸಿಕ್ಕಿತು. ಅರಿಶಿಣವೇ. ಮಶೀನಿನ ಸಾಮಾನಿಗೂ ಅರಿಶಿಣಕ್ಕೂ ಏನು ಸಂಬಂಧ? ಕೇಳಿದರೆ, "ಎಲ್ಲೋ ಹತ್ತಿರಬೇಕವ್ವಾ" ಎಂದು ಜಾರಿಕೊಂಡ. ಟಿವಿ ಮಾತು ಬಂದಾಗೆಲ್ಲ ಅವನು ತಾಟಿನ ಕಡೆ ನೋಡುತ್ತಾನೆ ಎಂಬುದನ್ನೂ ಗುರುತಿಸಿದೆ. ತಾಟಿನ ಕಡೆ ನೋಡುವುದು ಅವರಪ್ಪನ ಗುಣ. ಹೇಳಲಾಗದ್ದು ಏನೋ ಇದ್ದಾಗಲೇ ಆ ಮನೆತನದ ಗಂಡಸರು ಅನ್ನದೊಳಗೆ ಕಲ್ಲು ಹುಡುಕುತ್ತಾರೆ.

ಭಾದ್ರಪದದಲ್ಲಿ ಬಸದಿಯಲ್ಲಿ ದೊಡ್ಡ ಆರಾಧನೆ ಆಯಿತು. ಮುಂಜಾನೆಯಿಂದ ಸಂಜೆಯ ತನಕ ನಾನು ಎಲ್ಲ ಹೆಂಗಸರ ನಡುವೆ ಕೂತಿದ್ದೆ. ಬೇಕೆಂದೇ ಕಮಲಾಬಾಯಿಯ ಮಗ್ಗುಲಿಗೆ ಕೂತೆ. ಮನೆಗೆ ಬೀಗ ಜಡಿದು ಕೀಲಿಯನ್ನು ಸ್ನೇಹಲಳ ಕೈಗೇ ಕೊಟ್ಟು ಶಾಲೆಗೆ ಕಳಿಸಿದ್ದೆ. ಸಂಜೆ ಅವಳೇ ಬೀಗ ತೆಗೆದು, ಅವಳೇ ಟಿವಿ ಹಚ್ಚಿದಳು. ನಾನು ಅಡುಗೆಮನೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಅವಳು ಟಿವಿ ಬಂದ್ ಮಾಡಿ, ಒಳಗೆ ಬಂದು, ನನ್ನ ಎರಡೂ ಕೈ ಹಿಡಿದುಕೊಂಡಳು.

"ಅತ್ತಿ, ಇವತ್ತೂ ಮುಂದ ಹೋಗೇತ್ರಿ. ಇದು ನಮ್ಮ ಮನ್ಯಾಗಿನ ಕೈ ಅಲ್ರಿ."

"ಇಷ್ಟ ದಿನ ನಾ ಬಡಕೊಂಡಿದ್ದು ಮತ್ತೇನ?"

"ತಪ್ಪಾತ್ರಿ" ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ಆಮೇಲೆ ಬಿಡಿಸಿ ಹೇಳಿದಳು. ಈ ಟಿವಿಯ ಖಾತೆ ಮನೆಯ ಬಾಗಿಲಿನಂತೆ ಒಂದೇ ಕಡೆ ಇರುವುದಲ್ಲ. ಪಾಸ್‌ವರ್ಡ್ ಗೊತ್ತಿದ್ದರೆ ಯಾವ ಊರಿನಲ್ಲಿ ಬೇಕಾದರೂ, ಯಾವ ಟಿವಿಯಲ್ಲಿ ಬೇಕಾದರೂ ತೆರೆಯಬಹುದು. ಅಲ್ಲಿ ಯಾರಾದರೂ ನನ್ನ ಸೂರ್ಯಕಾಂತಿ ಒತ್ತಿ ನೋಡಿದರೆ ಇಲ್ಲಿ ನನ್ನ ಗೆರೆ ಸರಿಯುತ್ತದೆ. ನಮ್ಮ ಟಿವಿಗೆ ಸೀರೆ ಹೊದಿಸಿದರೂ ಅಷ್ಟೇ, ಸೆಲ್ಲು ಕಿತ್ತರೂ ಅಷ್ಟೇ. "ಯಾರರೆ ನಮ್ಮ ಪಾಸ್‌ವರ್ಡ್ ಕದ್ದಾರ್ರಿ. ಅದನ್ನ ಬದಲ ಮಾಡಿ, ಉಳಿದ ಎಲ್ಲಾ ಕಡೆ ಬಂದ್ ಮಾಡು ಅನ್ನೂದಕ್ಕ ಒಂದ ಟಿಕ್ ಹಾಕಿದ್ರ ಸಾಕು. ಎಲ್ಲಿ ತೆರದೈತೋ ಅಲ್ಲಿ ಬಂದ್ ಆಗತೈತಿ."

"ಹಾಕು. ಈಗಲೇ ಹಾಕು. ಅಭ್ಯಾಗ ಹೇಳಬ್ಯಾಡ."

"ಅವರಿಗೂ?"

"ಯಾರಿಗೂ. ನಿನಗೂ ಬ್ಯಾಡ. ಹೊಸಾದನ್ನ ನಾನ ಒತ್ತತೀನಿ."

ಅವಳ ಫೋನಿನಲ್ಲಿ ಹಳೆಯದನ್ನು ಅವಳು ಹಾಕಿ, ಹೊಸದನ್ನು ಹಾಕುವ ಜಾಗ ತೆರೆದು ನನಗೆ ಕೊಟ್ಟಳು. "ಹುಟ್ಟಿದ ದಿನ ಹಾಕಬ್ಯಾಡ್ರಿ, ಫೋನ್ ನಂಬರ ಬ್ಯಾಡ, ಮಗಂದು ಸೊಸಿದು ಹೆಸರ ಬ್ಯಾಡ. ಅವನ್ನೆಲ್ಲಾ ಮಂದಿ ಮೊದಲ ಊಹೆ ಮಾಡ್ತಾರ. ನೀವ್ ಇದನ್ನ ಇಟ್ಟಿರ್ತೀರಿ ಅಂತ ಯಾರ ಕನಸಿನ್ಯಾಗೂ ಬರಬಾರದು, ಅಂಥಾದ್ದ ಇಡ್ರಿ" ಎಂದು ಅತ್ತ ತಿರುಗಿ ನಿಂತಳು. ನಾನು ಮೆಟ್ರಿಕ್ ಪಾಸಾದವಳು, ಇಂಗ್ಲಿಷ್ ಅಕ್ಷರ ಬರುತ್ತವೆ. ಸ್ವಲ್ಪ ಹೊತ್ತು ಯೋಚಿಸಿದೆ. ಒಂದು ಪದ ಹೊಳೆಯಿತು. ಈ ಮನೆಯಲ್ಲಿ ಯಾರ ಅಪ್ಪನಿಂದಲೂ ಊಹಿಸಲಾಗದ ಪದ. ನನ್ನ ಜಾಣತನಕ್ಕೆ ನಾನೇ ನಕ್ಕು, ಒಂದೊಂದೇ ಅಕ್ಷರ ಒತ್ತಿದೆ, ಕೊನೆಗೆ ಒಂದು ಎರಡು ಮೂರು ಸೇರಿಸಿದೆ.

ಆ ಸಂಜೆ ನಮ್ಮ ಟಿವಿಯೂ ಪಾಸ್‌ವರ್ಡ್ ಕೇಳಿತು. ಯಜಮಾನರು ಸುಮ್ಮನೆ ಪಂಚಾಂಗ ತೆಗೆದುಕೊಂಡು ಕೂತರು. ಅಭಯನ ಮುಖ ಮಾತ್ರ ಸುಣ್ಣವಾಯಿತು. "ಬದಲ ಮಾಡಿದ್ರೇನ? ಯಾಕ? ನನಗ ಹೇಳಬೇಕಿಲ್ಲೇನ?" ಎಂದು ಸ್ನೇಹಲಳ ಮೇಲೆ ಹಾರಿದ. ಎಂದೂ ಹೆಂಡತಿಗೆ ಎತ್ತರದ ದನಿಯಲ್ಲಿ ಮಾತಾಡದ ಹುಡುಗ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಕಳ್ಳ ಎಲ್ಲೋ ಹೊರಗಿರಬಹುದು, ಬಾಗಿಲು ತೆಗೆದುಕೊಟ್ಟವನು ಒಳಗೇ ಇದ್ದಾನೆ ಎಂದು ಅವತ್ತು ಖಾತ್ರಿಯಾಯಿತು.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಬಂದು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ. ಕಿಟಕಿಯಲ್ಲಿಟ್ಟ ಅವನ ಫೋನು ರಿಂಗಾಯಿತು. ಹೆಸರು 'ಮಶೀನ್ ಸರ್ವಿಸ್' ಎಂದಿತ್ತು. ಮಶೀನಿನವನಾದರೆ ನಾನೇ ಎರಡು ಮಾತು ಕೇಳೋಣ, ವಾರವಾರ ಅದೇನು ಸಾಮಾನು ಎಂದು, ಎತ್ತಿದೆ.

"ಅಭ್ಯಾ, ಟಿವಿ ಬಂದ್ ಆಗೇತಲ್ಲೋ. ನಿನ್ನಿಯಿಂದ ಪಾಸ್‌ವರ್ಡ್ ಕೇಳಾಕತ್ತೈತಿ. ಒಬ್ಬಾಕಿನ ಬಿದ್ದೀನಿ, ಹೊತ್ತ ಹೋಗವಲ್ದು…"

ಐದಾರು ವರ್ಷ ಕೇಳದಿದ್ದರೂ ಆ ದನಿ ಮರೆಯುವಂಥದ್ದಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಪದ್ಮಾ ಇನ್ನೂ ಎರಡು ಜಡೆಯ ಹುಡುಗಿ. ನನ್ನ ಕೋಣೆಯಲ್ಲೇ ಮಲಗುತ್ತಿದ್ದಳು. ಊರಿಗೆಲ್ಲ ಒಂದೋ ಎರಡೋ ಟಿವಿ ಇದ್ದ ಕಾಲದಲ್ಲಿ ಯಾರದೋ ಮನೆಯ ಹೊಸಿಲ ಮೇಲೆ ಒಂದೇ ಚಾಪೆ ಹಾಸಿಕೊಂಡು ಇಬ್ಬರೂ ಕೂಡಿ ನೋಡಿದವರು. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಉಸಿರು ಕೇಳಿಯೇ ಗುರುತಿಸಿದಳೇನೋ. ಫೋನು ಕಟ್ಟಾಯಿತು.

ಅಭಯ ಒದ್ದೆ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತ. ನನ್ನ ಕೈಯಲ್ಲಿ ಫೋನು ನೋಡಿ ಎಲ್ಲ ತಿಳಿದುಕೊಂಡ.

"ಮಶೀನ್ ಚಲೋ ಐತಿ ಅಂತ?" ಎಂದೆ.

"ಅವ್ವಾ, ಆತ್ಯಾ ಕಾಲ ಮುರಕೊಂಡ ಬಿದ್ದಾಳ. ಹಗಲೆಲ್ಲಾ ಮನಿ ಮಂದಿ ದ್ರಾಕ್ಷಿ ತ್ವಾಟದಾಗ. ಒಬ್ಬಾಕಿನ ಮ್ಯಾಲಿನ ಜಂತಿ ಎಣಿಸ್ಕೋತ ಮಲಗಿದ್ಲು. ನೋಡಾಕ ಆಗಲಿಲ್ಲ. ಒಂದ ಟಿವಿ ಹಾಕಿ, ನಮ್ಮ ಖಾತೆ ತೆರದಕೊಟ್ಟೆ. ನಿನ್ನ ಚೌಕದಾಗ ಆ ಧಾರಾವಾಹಿ ಮೊದಲ ಇತ್ತು, ಅದನ್ನ ಒತ್ತು ಅಂದೆ."

"ನಾಕ ಮಂದ್ಯಾಗ ನಿಮ್ಮವ್ವನ್ನ ಕಳ್ಳಿ ಮಾಡಿದಿ. ಕೂತ ನಕ್ಕಿ."

"ನಿನಗ ಹೇಳಿದ್ರ ಆಕಿ ಟಿವಿ ಬಂದ್ ಮಾಡಸ್ತಿದ್ದಿ. ಮಾಡಸ್ತಿದ್ದಿಲ್ಲೋ, ಹೇಳು."

ಮಾಡಿಸುತ್ತಿದ್ದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅಂಗಿಯ ಜೇಬಿನ ಹಳದಿಯೂ ಆಗ ತಿಳಿಯಿತು. ಮಂಗಸೂಳಿಯ ಮಲ್ಲಯ್ಯನ ಗುಡಿಯಲ್ಲಿ ಜನ ಭಂಡಾರ ತೂರುತ್ತಾರೆ. ಆ ಹಾದಿಯಲ್ಲಿ ಹಾದು ಹೋದವರ ಮೈಗೆಲ್ಲ ಆ ಅರಿಶಿಣ ಅಂಟುತ್ತದೆ. "ಗಾಡಿ ತಗಿ" ಎಂದೆ. "ಎಲ್ಲಿಗವ್ವಾ?" ಎಂದು ಅವನು ಗಾಬರಿಯಾದ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ. ಅವಳ ಬಾಯಿಂದಲೇ ನುಡಿಸಬೇಕು: ನೋಡಿದವಳು ತಾನು, ಸುನಂದಾ ಅಲ್ಲ ಎಂದು. ಕರುಣೆ ಗಿರುಣೆ ಅಂತ ನಾನು ಸುಳ್ಳು ಹೇಳುವುದಿಲ್ಲ.

ದೂಧಗಂಗೆಯ ಸಣ್ಣ ಸೇತುವೆ ನೀರಲ್ಲಿತ್ತು. ಸುತ್ತು ಹಾಕಿ ಹೋದೆವು. ಕೃಷ್ಣೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕಾಗವಾಡ ದಾಟಿ ಮಂಗಸೂಳಿ ಮುಟ್ಟಿದೆವು.

ಪದ್ಮಾ ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು, ಕಾಲ ಕೆಳಗೆ ಎರಡು ದಿಂಬು. ಕೂದಲು ನನಗಿಂತ ಹೆಚ್ಚು ಬೆಳ್ಳಗಾಗಿತ್ತು. ಎದುರು ಗೋಡೆಯಲ್ಲಿ ಟಿವಿ ಇದೆ ಎಂದು ಅಂದಾಜು ಮಾಡಿ, ಒಳಗೆ ಬರುವಾಗಲೇ ಅದಕ್ಕೆ ಬೆನ್ನು ಕೊಟ್ಟೆ. ತೋಟದಲ್ಲಿದ್ದ ಆತ್ಯಾನ ಗಂಡನನ್ನು ಮಾತಾಡಿಸುವ ಕೆಲಸ ಅಭಯನಿಗೆ ತಟ್ಟನೆ ನೆನಪಾಗಿ, ಅವನು ಕೊಡೆ ಹಿಡಿದು ನಡೆದ.

"ಬರ್ರಿ ವೈನಿ" ಎಂದಳು. ಏಳಲು ನೋಡಿದಳು, ಆಗಲಿಲ್ಲ.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಶುರುಮಾಡಿದೆ. ನಿಯಮ ತಗೊಂಡದ್ದು, ಗೆರೆ, ಹೊಲಿಗೆ, ಸೆಲ್ಲು, ಬಸದಿಯ ಪಿಸುಪಿಸು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. "ನಿನ್ನಿಂದ ನನ್ನ ಮಾತಿಗೆ ಮೂರ ಕಾಸಿನ ಕಿಮ್ಮತ್ತ ಉಳೀಲಿಲ್ಲ. ನಾ ನೋಡಿಲ್ಲ ಅಂದ್ರ ಗಂಡ ನಂಬಲಿಲ್ಲ, ಮಕ್ಕಳ ನಂಬಲಿಲ್ಲ, ಊರ ನಂಬಲಿಲ್ಲ!"

"ನನಗ ಗೊತ್ತಿತ್ತು ವೈನಿ" ಎಂದಳು ಪದ್ಮಾ.

"ಏನ ಗೊತ್ತಿತ್ತು?"

"ನೀವು ನೋಡವಲ್ರಿ ಅಂತ. ನಾ ಎಲ್ಲಿಗೆ ಬಿಟ್ಟಿರತಿದ್ನೋ ಮರದಿನಾನೂ ಗೆರಿ ಅಲ್ಲೇ ಇರತಿತ್ತು. ಒಂದ ಕೂದಲೆಳಿ ಅಷ್ಟೂ ಸರೀತಿರಲಿಲ್ಲ. ಮೊದಮೊದಲು ಅನಿಸ್ತಿತ್ತು, ವೈನಿ ಇವತ್ತರೆ ನನ್ನ ದಾಟಿ ಮುಂದ ಹೋಗಿರ್ತಾರ, ಅವರು ನೋಡಿದ್ದ ನಾನೂ ನೋಡೂಣು ಅಂತ. ದಿನಾ ಅದನ್ನ ನೋಡತಿದ್ನಿ. ಸರೀಲೇ ಇಲ್ಲ. ಟಿವಿ ಬಿಡು ಮನುಷ್ಯಾಳ ಅಲ್ಲ ವೈನಿ, ಆರಾಮಿಲ್ಲೇನೋ ಅಂತ ಅಭ್ಯಾನ್ನ ಕೇಳಿ ಕೇಳಿ ಸಾಕ ಮಾಡೇನಿ. 'ಆರಾಮ ಅದಾಳ ಆತ್ಯಾ' ಅನ್ನಾಂವ. ನನಗ ನಂಬಿಕಿ ಬರತಿರಲಿಲ್ಲ."

ಮನೆಯವರೆಲ್ಲ ನಾನು ಕಳ್ಳಿಯೆಂದು ನಂಬಿ ನಗುತ್ತಿದ್ದಾಗ, ನಾನು ನೋಡಿಲ್ಲ ಎಂದು ಖಚಿತವಾಗಿ ತಿಳಿದವಳು ಲೋಕದಲ್ಲಿ ಒಬ್ಬಳೇ ಇದ್ದಳು. ಆ ಒಬ್ಬಳು ನನ್ನ ಆರೋಗ್ಯದ ಮೇಲೆ ಸಂಶಯಪಟ್ಟುಕೊಂಡು ಇಲ್ಲಿ ಮಲಗಿದ್ದಳು. ಕಣ್ಣೊರೆಸಿಕೊಳ್ಳಲು ಸೆರಗು ಎಳೆದರೆ ಗಂಟು ಕೈಗೆ ಬಂತು. ಹಗಲೆಲ್ಲ ಆ ಸೆಲ್ಲುಗಳನ್ನು ಕಟ್ಟಿಕೊಳ್ಳುವ ಚಾಳಿ ನನ್ನನ್ನು ಇನ್ನೂ ಬಿಟ್ಟಿರಲಿಲ್ಲ.

ಪದ್ಮಾ ದಿಂಬಿನ ಕೆಳಗಿನಿಂದ ಫೋನು ತೆಗೆದು ಕಮಲಾಬಾಯಿಗೆ ಹಚ್ಚಿದಳು. ಇಬ್ಬರೂ ಸಣ್ಣಂದಿನ ಗೆಳತಿಯರು. "ಕಮಲಾ, ನಮ್ಮ ವೈನಿ ಕಥೀ ನೋಡಿಲ್ಲ. ನೋಡಿದಾಕಿ ನಾನು. ಅವರ ಹೆಸರಿನ್ಯಾಗ, ನಮ್ಮ ಮನ್ಯಾಗ. ನಾಳೆ ಬಸದ್ಯಾಗ ಎಲ್ಲಾರ ಮುಂದ ಹೇಳು. ಯಾರರೆ ನಂಬಲಿಲ್ಲಂದ್ರ ನನಗ ಫೋನ್ ಹಚ್ಚು, ನಾ ಹೇಳತೀನಿ." ಕಮಲಾಬಾಯಿಯ "ಅಯ್ಯಯ್ಯ!" ನನ್ನ ತನಕ ಕೇಳಿಸಿತು. ನಾನು ಬಂದ ಕೆಲಸ ಮುಗಿಯಿತು. ಎದ್ದು ಹೊರಡಬಹುದಿತ್ತು.

"ವೈನಿ, ಒಂದ ಮಾತ" ಎಂದಳು ಪದ್ಮಾ. "ಬಾವ್ಯಾಗ ಬಿದ್ದಾಕಿ ಇದ್ಲಲ್ಲ…"

"ಬಾಯಿ ಮುಚ್ಚ! ದೀಪಾವಳಿ ತನಕ ಹೇಳೀದಂದ್ರ ನೋಡು!"

ಅವಳು ನಕ್ಕಳು. ನಗುವಾಗ ಕಾಲು ನೊಂದು "ಅವ್ವಾ" ಎಂದು ನರಳಿದಳು. ಮಂಚದ ಅಂಚಿನಲ್ಲಿ ರಿಮೋಟು ಬಿದ್ದಿತ್ತು. ಅವಳು ಅದರ ಕಡೆ ನೋಡಲಿಲ್ಲ, ಕೇಳಲೂ ಇಲ್ಲ. ಕೇಳಿದ್ದರೆ ನಾನು ಎರಡು ಮಾತು ಹೆಚ್ಚಿಗೆ ಆಡುತ್ತಿದ್ದೆನೇನೋ. ಹೊರಗೆ ಮಳೆ ಬಿಡುವಂತೆ ಕಾಣಲಿಲ್ಲ. ಮನೆಯಲ್ಲಿ ನಾವಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ.

"ಟಿವಿ ಹಚ್ಚು" ಎಂದೆ. "ನಾ ಆ ಕಡೆ ನೋಡಂಗಿಲ್ಲ. ಒಂದೊಂದ ಅಕ್ಷರ ಹೇಳತೀನಿ, ನೀನ ಒತ್ತು. ಇಂಗ್ಲಿಷ್ ಬರತೈತಿಲ್ಲೋ?"

"ಬರತೈತ್ರಿ."

ಆಗ ಹೊಳೆಯಿತು. ಯಾರ ಕನಸಿನಲ್ಲೂ ಬರಬಾರದೆಂದು, ಮನೆಯಲ್ಲಿ ಯಾರೂ ಎತ್ತದ ಪದವೆಂದು, ಜಾಣತನದಿಂದ ನಾನು ಇಟ್ಟದ್ದು ಏನು ಎಂಬುದು ಅಲ್ಲಿಯ ತನಕ ನೆನಪಿಗೇ ಬಂದಿರಲಿಲ್ಲ. ಅಭಯನನ್ನು ಕೂಗೋಣವೆಂದರೆ ಅವನು ತೋಟದಲ್ಲಿ. ಬದಲಾಯಿಸೋಣವೆಂದರೆ ಸ್ನೇಹಲ ಸದಲಗಾದಲ್ಲಿ. ಬೆನ್ನ ಹಿಂದೆ ಟಿವಿ ಹತ್ತಿದ ಸದ್ದು ಕೇಳಿತು. ನಾನು ಬಾಗಿಲಾಚೆಯ ಮಳೆ ನೋಡುತ್ತ ನಿಂತೆ.

"ಹೇಳ್ರಿ ವೈನಿ."

"ಪಿ" ಎಂದೆ.

ಟಿಕ್ ಟಿಕ್ ಎಂದು ಅವಳು ಅಕ್ಷರ ಹುಡುಕಿಕೊಂಡು ಹೋದದ್ದು ಕೇಳಿಸಿತು.

"ಎ."

"ಹೂಂ."

"ಡಿ."

"ಹೂಂ."

"ಎಂ."

ಟಿಕ್ ಟಿಕ್ ನಿಂತಿತು.

"ವೈನಿ…"

"ಏನ ವೈನಿ?" ಎಂದು ಗದರಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒತ್ತ ಬೇ. ಇನ್ನೂ ಒಂದ ಎ ಉಳದೈತಿ."